ಮೇಜಿನಕ್ಕನ ಹೊಟ್ಟೆಕಿಚ್ಚು

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಣೆಯ ಮೇಜಿನ ಹಿಂದೆ ಕೂತು ಕೂತೇ ಕೂದಲು ನರೆಸಿಕೊಂಡವಳು ಆಕೆ. ಎಲ್ಲರ ಬಾಯಲ್ಲೂ ‘ಮೇಜಿನಕ್ಕ’. ಏನು ಬೇಕಾದರೂ ಜನ ತನ್ನನ್ನೇ ಕೇಳಬೇಕು, ಅದೊಂದೇ ಅವಳ ಸುಖ. ಅಷ್ಟರಲ್ಲಿ ಹಳೆಯ ಪತ್ರಿಕೆಗಳೆಲ್ಲ ಕಂಪ್ಯೂಟರಿಗೆ ಬಂದವು. ಅವುಗಳಲ್ಲಿ ಹುಡುಕುವುದನ್ನು ಕಲಿಸುವ ಕೆಲಸ ಮೊನ್ನೆ ಮೊನ್ನೆ ಸೇರಿದ ಹುಡುಗಿಯ ಪಾಲಾಯಿತು. ಮೇಜಿನಕ್ಕನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

ಹುಡುಗಿ ಕೊಟ್ಟ ಮೊದಲ ಕ್ಲಾಸಿನ ನೋಟಿಸನ್ನು ಅವಳು ಬೋರ್ಡಿಗೆ ಹಚ್ಚದೆ ಡ್ರಾಯರಿಗೆ ತಳ್ಳಿದಳು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು; ಬಾಯಿ ಸುಮ್ಮನಿರಬೇಕಲ್ಲ! “ಗುರುವಾರ ಮೇಲಿನ ಹಾಲಲ್ಲಿ ಅದೇನೋ ಕ್ಲಾಸಂತೆ. ನೂರು ವರ್ಷದ ಪೇಪರು ಕೂತಲ್ಲೇ ಸಿಗುತ್ತಂತೆ, ಮಹಾ! ಹೋಗ್ಬೇಡಿ, ಸುಮ್ನೆ ಟೈಮ್ ವೇಸ್ಟು,” ಎಂದು ಬಂದವರೆದುರೆಲ್ಲ ಮೂತಿ ತಿರುವಿದಳು.

ಗುರುವಾರ ಖಾಲಿ ಕುರ್ಚಿಗಳನ್ನು ಕಣ್ತುಂಬ ನೋಡೋಣವೆಂದು ಹೋದರೆ, ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಹುಡುಗಿ ಓಡಿಬಂದು ಕೈ ಹಿಡಿದಳು. “ಅಕ್ಕಾ, ಬೋರ್ಡಲ್ಲಿ ನೋಟಿಸೇ ಇರ್ಲಿಲ್ಲ. ಯಾರು ಹೇಳಿದ್ರು ಅಂತ ಕೇಳಿದ್ರೆ ಎಲ್ರೂ ನಿಮ್ಮ ಹೆಸರೇ ಹೇಳ್ತಾರೆ!”

ಗ್ರಂಥಪಾಲಕರು ಎಲ್ಲರೆದುರು ಚಪ್ಪಾಳೆ ತಟ್ಟಿ ಮೇಜಿನಕ್ಕನತ್ತ ತಿರುಗಿದರು. “ಇನ್ಮೇಲೆ ಪ್ರತಿ ಗುರುವಾರ ಈ ಹುಡುಗಿಯ ಕ್ಲಾಸ್. ಜನಕ್ಕೆ ಹೇಳೋ ಜವಾಬ್ದಾರಿ ಮಾತ್ರ ನಿಮ್ದೇ!”

ಮೇಜಿನಕ್ಕ ಹಲ್ಲು ಕಚ್ಚಿಕೊಂಡೇ ನಕ್ಕಳು.