ಕೂರದ ಕಿವಿ

ಅತ್ತೆಗೆ, ಎಂದರೆ ನನ್ನ ಅಪ್ಪನ ಅಕ್ಕನಿಗೆ, ಸಿಟ್ಟು ಬರುವುದು ಕಡಿಮೆ, ಹೇಸಿಗೆಯಾಗುವುದು ಹೆಚ್ಚು. ಸಿಟ್ಟಾದರೆ ನಾಲ್ಕು ಮಾತಾದರೂ ಆಡುತ್ತಿದ್ದಳೇನೋ. ಹೇಸಿಗೆಯಾದಾಗ ಮೂಗಿನ ಒಂದು ಹೊಳ್ಳೆಯನ್ನಷ್ಟೇ ಮೇಲೆತ್ತಿ, ಆ ವಸ್ತುವನ್ನು ಎರಡು ಬೆರಳಲ್ಲಿ ಹಿಡಿದು ದೂರ ಇಡುತ್ತಾಳೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸದಲ್ಲಿದ್ದಾಗ, ಕಾಲರಿನ ಎಡಭಾಗ ಬಲದ್ದಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿದ್ದರೂ ಸತ್ತ ಇಲಿಯ ಹಾಗೆ ಎತ್ತಿ ಪಕ್ಕಕ್ಕೆ ಹಾಕುತ್ತಿದ್ದಳಂತೆ.

ಕಾರ್ಖಾನೆ ಮುಚ್ಚಿದ ಮೇಲೆ ಅವಳು ಹೊಲಿಗೆ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಯಾರೋ ಕಾಲೇಜು ಹುಡುಗ ಹವ್ಯಾಸಕ್ಕೆಂದು ಜೋಡಿಸಿ, ಹವ್ಯಾಸ ಬದಲಾದಾಗ ಮಾರಿದ ಪುಟ್ಟ ಸಿಎನ್‌ಸಿ ಯಂತ್ರವೊಂದನ್ನು ತಂದು ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡಳು. ಕಂಪ್ಯೂಟರಿನಲ್ಲಿ ಬರೆದ ಗೆರೆಯಂತೆ ತಾನೇ ಓಡಾಡಿ ಹಲಗೆ ಕತ್ತರಿಸುವ ಯಂತ್ರ ಅದು. ಅಲಗನ್ನು ಗಿರಗಿರ ತಿರುಗಿಸುವ ಮೋಟಾರಿಗೆ ರೂಟರ್ ಎನ್ನುತ್ತಾರೆ. ಪಕ್ಕದ ಮನೆಯಾಕೆ ಒಮ್ಮೆ ಗೋಡೆಯಾಚೆಯಿಂದ, "ನಿಮ್ಮನೆ ರೂಟರ್ ಯಾಕ್ರೀ ಹೀಗೆ ಕಿರುಚ್ಕೊಳುತ್ತೆ? ನಮ್ಮದು ಮೂಲೇಲಿ ದೀಪ ಮಿಟುಕಿಸ್ಕೊಂಡು ಸುಮ್ನೆ ಇರುತ್ತಪ್ಪ," ಎಂದಿದ್ದಳು.

ಅದರಲ್ಲಿ ಅತ್ತೆ ಮಕ್ಕಳಿಗೆ ಜೋಡಿಸುವ ಆಟಿಕೆ ಮಾಡುತ್ತಿದ್ದಳು. ಆನೆ, ಮೀನು, ಏಣಿ ಹೊತ್ತ ಲಾರಿ. ತುಂಡುಗಳನ್ನು ಹಲಗೆಯ ಗುಳಿಗಳಲ್ಲಿ ಕೂರಿಸಿದರೆ ಚಿತ್ರ ಪೂರ್ತಿಯಾಗುತ್ತದೆ. ಚಿತ್ರ ಬರೆದು ಕಂಪ್ಯೂಟರಿಗೆ ಏರಿಸಿಕೊಡುವುದು ನಾನು. ಕೊಳ್ಳುತ್ತಿದ್ದುದು ಪೇಟೆಯ ಒಂದೇ ಒಂದು ಅಂಗಡಿ. ಉಳಿದವರಿಗೆ ಮರದ ಆಟಿಕೆಯೆಂದರೆ ಅಷ್ಟಕ್ಕಷ್ಟೆ.

ಆ ಅಂಗಡಿಯವನೇ ಒಂದು ಬೆಳಿಗ್ಗೆ ಅತ್ತೆಯನ್ನು ಕರೆಸಿದ. ಗಲ್ಲಾದ ಮೇಲೆ ಆನೆಯ ಹಲಗೆ ಬಿಚ್ಚಿಟ್ಟಿದ್ದ.

"ಬನ್ನಿ ಅಮ್ಮ, ಈ ಕಿವಿ ಒಂಚೂರು ಕೂರಿಸಿ ನೋಡೋಣ."

ಅತ್ತೆ ಒತ್ತಿದಳು. ಕಿವಿ ಕೂರಲಿಲ್ಲ. ಹೆಬ್ಬೆರಳು ಬೆಳ್ಳಗಾಗುವವರೆಗೆ ಒತ್ತಿದಳು.

"ಆಟಿಕೆ ಜೊತೆ ಒಂದು ಸುತ್ತಿಗೇನೂ ಕೊಟ್ಬಿಡಿ," ಎಂದ. "ಇನ್ನು ಸೊಂಡಿಲು ನೋಡಿ, ಹಲಗೆ ಎತ್ತಿದ್ರೆ ಸಾಕು, ಉದುರುತ್ತೆ. ಒಂದು ಬಿಗಿ, ಒಂದು ಸಡಿಲ. ಬೇಜಾರು ಮಾಡ್ಕೋಬೇಡಿ. ಮುಂದಿನ ಸಲಾನೂ ಹೀಗೇ ಇದ್ರೆ, ಇಷ್ಟು ದೂರ ಬರೋ ತೊಂದರೆ ತಗೋಬೇಡಿ."

ಅತ್ತೆ ಮನೆಗೆ ಬಂದವಳೇ ಚಪ್ಪಲಿಯನ್ನೂ ಕಳಚದೆ ಹಿಂದಿನ ಕೋಣೆಗೆ ಹೋದಳು. ರೂಟರನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಅಲುಗುವ ಹಲ್ಲಿನ ಹಾಗೆ ಅದು ಆಚೀಚೆ ಆಡಿತು. ಅದನ್ನು ಅಪ್ಪಿ ಹಿಡಿಯಬೇಕಾದ ಪ್ಲಾಸ್ಟಿಕ್ಕಿನ ದಪ್ಪ ಬಳೆಯಂಥ ಮೌಂಟ್ ಸವೆದುಹೋಗಿತ್ತು. ಮೇಲೆ ಕಾಣುತ್ತಿದ್ದುದು ಮಾತ್ರ ಸುತ್ತಿ ಸುತ್ತಿ ಉಬ್ಬಿದ ಕರಿ ಟೇಪು.

ಟೇಪು ಮಾವನ, ಎಂದರೆ ಅತ್ತೆಯ ಗಂಡನ, ಕೈಕೆಲಸ. ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಬೆಳಗಿನ ಬಸ್ಸು ಹೊರಡಲೇಬೇಕಾದಾಗ ತಂತಿ ಕಟ್ಟಿ, ರಬ್ಬರು ತುರುಕಿ ಕಳಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಏನು ಕೆಟ್ಟರೂ ಅವನ ಬಾಯಲ್ಲಿ "ಸದ್ಯಕ್ಕೆ ಸಾಕು". ಮನೆಮಂದಿಯೆಲ್ಲ ಅವನನ್ನು 'ಸದ್ಯಕ್ಕೆ' ಎಂದೇ ಕರೆಯುತ್ತಿದ್ದೆವು, ಅವನೂ ಓಗೊಡುತ್ತಿದ್ದ.

ಅತ್ತೆ ಬೋಲ್ಟು ಬಿಚ್ಚಿದಳು. ನಾನು ಟಾರ್ಚು ಹಿಡಿದೆ. ಟೇಪು ಚರ್ಮ ಸುಲಿದಂತೆ ಉದ್ದುದ್ದ ಎಳೆಯಾಗಿ ಬಂತು. ಕೆಳಗೆ ಬಿಸಿಗೆ ಕರಗಿದ ಗೋಂದು, ಅದಕ್ಕೆ ಅಂಟಿದ ಮರದ ಪುಡಿ, ಯಾರದೋ ತಲೆಗೂದಲು. ಅದರ ಕೆಳಗೆ ಸೈಕಲ್ ಟ್ಯೂಬಿನ ಚೂರು. ಇನ್ನೂ ಕೆಳಗೆ ಮಡಚಿದ ರಟ್ಟು, ಮತ್ತೆ ಟೇಪು. ಕೊನೆಯಲ್ಲಿ, ಸೀಳಿದ ಪ್ಲಾಸ್ಟಿಕ್ಕಿನ ಸಂದಿಯಲ್ಲಿ, ಗೋಂದಿಗೆ ಸಿಕ್ಕಿ ಚಪ್ಪಟೆಯಾದ ಜಿರಳೆ. ಒಂದು ಮೀಸೆ ಮಾತ್ರ ಹೊರಗೆ ಚಾಚಿತ್ತು. ಹುಳಿ ಹಿಡಿದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು.

"ಥೂ," ಎಂದಳು ಅತ್ತೆ. "ರೀ! ಬನ್ನಿ ಇಲ್ಲಿ. ಇದೇನಿದು?"

ಮಾವ ಬಾಗಿಲಲ್ಲೇ ನಿಂತ. "ಸ್ವಲ್ಪ ಅಲುಗ್ತಿತ್ತು, ಸದ್ಯಕ್ಕೆ ಇರಲಿ ಅಂತ..."

"ಅದರ ಮೇಲಿರೋದು?"

"ಅದು ಆಮೇಲಿನ ಸದ್ಯಕ್ಕೆ."

"ಈ ಜಿರಳೆ?"

"ಅದು ನಂದಲ್ಲ."

ನನಗೆ ನಗು ಬಂತು, ಅತ್ತೆಗೆ ಬರಲಿಲ್ಲ. ಮೌಂಟನ್ನು ಎರಡು ಬೆರಳಲ್ಲಿ ಎತ್ತಿ ಹಳೆ ಪೇಪರಿನ ಮೇಲಿಟ್ಟಳು. ಕೈ ತೊಳೆದು ಬಂದು ಮೂಸಿ ನೋಡಿ, ಮತ್ತೆ ತೊಳೆಯಲು ಹೋದಳು.

ಹೊಸ ಮೌಂಟನ್ನು ಈ ಯಂತ್ರದಲ್ಲೇ ಕತ್ತರಿಸಬಹುದಲ್ಲ ಎಂದವನು ಮಾವ. ದಪ್ಪ ಮರದ ತುಂಡು ಮನೆಯಲ್ಲೇ ಇತ್ತು. "ಊರಿಗೆಲ್ಲ ಕತ್ತರಿಸಿಕೊಡೋ ಯಂತ್ರಕ್ಕೆ ತನ್ನದೊಂದು ಕತ್ತರಿಸ್ಕೊಳಕ್ಕೆ ಬರಲ್ವೇ?" ಮಾತು ಸರಿ ಅನ್ನಿಸಿತು. ನಾನು ಉಂಗುರ ಬರೆದು ಕೊಟ್ಟೆ. ಅತ್ತೆ ಒಲ್ಲದ ಮನಸ್ಸಿನಿಂದ ಹಳೆಯ ಮೌಂಟನ್ನು ಮತ್ತೆ ಬಿಗಿದಳು, ಇದೊಂದು ಸಲಕ್ಕೆ ಎಂದು ಹೊಸ ಟೇಪು ಸುತ್ತಿದಳು. ಯಂತ್ರ ಕಿರುಚಿತು, ಕೋಣೆ ತುಂಬ ಸುಟ್ಟ ಮರದ ವಾಸನೆ. ಮಧ್ಯಾಹ್ನದ ಹೊತ್ತಿಗೆ ಹೊಸ ಮೌಂಟ್ ಕೈಗೆ ಬಂತು.

ರೂಟರ್ ಅದರೊಳಗೆ ಇಳಿಯಿತು. ಎರಡು ಕಡೆ ಗಟ್ಟಿಯಾಗಿ ತಾಗಿತು, ಇನ್ನೆರಡು ಕಡೆ ಬೆಳಕು ಕಾಣುವಷ್ಟು ಸಂದಿ. ತೂತು ದುಂಡಗಿರಲಿಲ್ಲ, ಮೊಟ್ಟೆಯಂತಿತ್ತು. ತೂಗಾಡುವ ರೂಟರು ತನ್ನ ತೂಗಾಟವನ್ನೇ ಹೊಸ ಮರದಲ್ಲಿ ಕೊರೆದಿಟ್ಟಿತ್ತು. ಮೂವರಿಗೂ ಮೊದಲೇ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ.

"ಪರವಾಗಿಲ್ಲ ಬಿಡು," ಎಂದು ಮಾವ ಕೈ ಚಾಚಿದ. "ಆ ಟೇಪು ಕೊಡಿಲ್ಲಿ."

ಅತ್ತೆ ಟೇಪಿನ ಸುರುಳಿ ಎತ್ತಿ ಕೊಟ್ಟಳು. ಕೊಟ್ಟ ಮೇಲೆ ತನ್ನ ಕೈಯನ್ನೇ ನೋಡುತ್ತ ನಿಂತಳು.

"ಬೇಡ. ವಾಪಸ್ ಕೊಡಿ."

"ಯಾಕೆ ಮತ್ತೆ ಮುಖ ಹಾಗೆ ಮಾಡ್ಕೊಂಡೆ?"

"ನಿಮ್ಮ ಕೊಳಕು ಕೆಲಸ ನೋಡಿ ವಾಕರಿಕೆ ಬರುತ್ತೆ ನಂಗೆ."

"ನಂದೊಂದೇನಾ?" ಎಂದ ಮಾವ ಮೆಲ್ಲಗೆ. "ಇಷ್ಟು ತಿಂಗಳು ಉಜ್ಜುಕಾಗದ ಹಿಡ್ಕೊಂಡು ಕೂತಿದ್ದೋರು ಯಾರು? ಕೂರದೇ ಇರೋ ಕಿವೀನೆಲ್ಲ ನೀನೇ ಕಿಟಕಿ ಹತ್ರ ಕೂತು ಉಜ್ಜಿ ಉಜ್ಜಿ ಡಬ್ಬಕ್ಕೆ ಹಾಕ್ತಿದ್ದೆ. ನಾನು ಸುತ್ತಿದೆ, ನೀನು ಉಜ್ಜಿದೆ."

ಅತ್ತೆಯ ಮೂಗಿನ ಹೊಳ್ಳೆ ಮೇಲೆದ್ದದ್ದು ಹಾಗೇ ಇತ್ತು. ಆದರೆ ಎತ್ತಿ ದೂರ ಇಡಲು ಎದುರಿಗೆ ಯಾವ ವಸ್ತುವೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕಾಗದವೊಂದನ್ನು ತಂದು, ಯಂತ್ರದಲ್ಲಿ ಮೌಂಟ್ ಕೂರುವ ತಗಡಿನ ಮೇಲೆ ಹರಡಿ, ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿದಳು. ಬೋಲ್ಟಿನ ತೂತುಗಳು ಒಂದೊಂದೇ ಕಾಗದದ ಮೇಲೆ ಮೂಡಿದವು. ಕಾರ್ಖಾನೆಯಲ್ಲಿ ಮಾದರಿ ಇಳಿಸಿಕೊಳ್ಳುತ್ತಿದ್ದ ರೀತಿ ಅದು. ಕಾಗದವನ್ನೂ ರೂಟರನ್ನೂ ಚೀಲಕ್ಕೆ ಹಾಕಿಕೊಂಡು ಬೀದಿ ತುದಿಯ ಲೇತ್ ಅಂಗಡಿಗೆ ನಡೆದಳು.

"ಹೊಸದು ಯಾಕಕ್ಕ, ರಬ್ಬರ್ ಹಾಕಿದ್ರೆ ಇನ್ನೊಂದು ವರ್ಷ ಓಡುತ್ತೆ," ಎಂದ ಲೇತಿನವನು.

"ರಬ್ಬರ್ ಅಂತ ಇನ್ನೊಂದು ಸಲ ಅಂದ್ರೆ ಇಲ್ಲೇ ವಾಂತಿ ಮಾಡ್ಕೋತೀನಿ. ಅಲ್ಯೂಮಿನಿಯಂದು ಮಾಡಿಕೊಡು. ಈ ಮೋಟಾರು ಒಳಗಿಳಿದ ಮೇಲೆ ಕಾಗದ ಕೂಡ ತೂರಬಾರದು."

ಅವನು ಬಾಯಿ ಮುಚ್ಚಿಕೊಂಡು ಮಾಡಿಕೊಟ್ಟ.

ಕೂರಿಸುವಾಗ ಮಾವನೂ ಬಂದ. ಅತ್ತೆ ಕರೆದಿರಲಿಲ್ಲ, ಬೇಡವೆಂದೂ ಅನ್ನಲಿಲ್ಲ. ರೂಟರ್ ಲಂಬವಾಗಿ ನಿಂತಿದೆಯೇ ಎಂದು ನೋಡಲು ಅಲಗಿನ ಜಾಗಕ್ಕೆ ಬಾಗಿದ ತಂತಿಯೊಂದನ್ನು ಸಿಕ್ಕಿಸಿದ. ಕೆಳಗೆ ಗಾಜಿನ ಹಲಗೆ ಇಟ್ಟು, ತಂತಿಯನ್ನು ಕೈಯಿಂದಲೇ ಸುತ್ತ ತಿರುಗಿಸಿದ. ಅದರ ತುದಿ ಒಂದು ಕಡೆ ಗಾಜನ್ನು ಗೀಚಿತು, ಎದುರುಗಡೆ ತಾಗಲೇ ಇಲ್ಲ.

"ಇಷ್ಟೇ ತಾನೇ..." ಎಂದು ಶುರುಮಾಡಿದವನು ಅತ್ತೆಯ ಮುಖ ನೋಡಿ ಮಾತು ನುಂಗಿಕೊಂಡ. ಬೋಲ್ಟು ಸಡಿಲಿಸಿದರು, ಸರಿಸಿದರು, ಬಿಗಿದರು. ಸಂಜೆಯಾಗುವಷ್ಟರಲ್ಲಿ ತಂತಿ ಸುತ್ತಲೂ ಒಂದೇ ಸಮನೆ ಗಾಜನ್ನು ಸವರಿಕೊಂಡು ಹೋಯಿತು.

ಹೊಸ ಆನೆಗಳನ್ನು ಅತ್ತೆ ಉಜ್ಜಲಿಲ್ಲ. ಯಂತ್ರದಿಂದ ಇಳಿದಂತೆಯೇ ಬಟ್ಟೆಯಲ್ಲಿ ಒರೆಸಿ ಅಂಗಡಿಗೆ ಒಯ್ದಳು, ಜೊತೆಗೆ ನಾನೂ ಹೋದೆ. ಅಂಗಡಿಯವನು ಕಿವಿ ಇಟ್ಟ. ಒತ್ತುವ ಮೊದಲೇ ಅದು ತನ್ನ ಗುಳಿಗೆ ಇಳಿಯಿತು. ಹಲಗೆಯನ್ನು ತಲೆಕೆಳಗು ಮಾಡಿದ. ಏನೂ ಉದುರಲಿಲ್ಲ.

"ಹಿಂಗಿರಬೇಕು ನೋಡಿ! ಎಲ್ಲಾನೂ ಇಟ್ಟು ಹೋಗಿ."

"ಹಳೇವು ವಾಪಸ್ ಕೊಡಿ."

"ಇರಲಿ ಬಿಡಿ, ಯಾರಾದ್ರೂ ತಗೋತಾರೆ."

"ಕೊಡಿ ಅಂದೆ."

ಅವನು ಕಪಾಟಿನಿಂದ ನಾಲ್ಕೈದು ಡಬ್ಬ ಇಳಿಸಿದ. ಅತ್ತೆ ಅವನ್ನು ಎಣಿಸಲಿಲ್ಲ, ನೋಡಿದಳಷ್ಟೆ. ಅವಳು ಈ ಅಂಗಡಿಗೆ ಚೀಲಗಟ್ಟಲೆ ತಂದು ಹಾಕಿದ್ದಳು.

"ಉಳಿದಿದ್ದು?"

"ಮಾರಾಟ ಆಯ್ತಲ್ಲಮ್ಮ."

"ಕೂರಲ್ಲ ಅಂತ ಯಾರಾದ್ರೂ ವಾಪಸ್ ತಂದ್ರೆ ಹೊಸದು ಕೊಡಿ. ನಾನು ಮಾಡಿಕೊಡ್ತೀನಿ."

ಅಂಗಡಿಯವನು ನಕ್ಕ. ಕೆಟ್ಟ ನಗುವೇನಲ್ಲ.

"ಯಾರೂ ತರಲ್ಲ ಬಿಡಿ. ಆಟಿಕೆ ಸರಿಯಿಲ್ಲ ಅಂತ ಯಾರು ಅಂದ್ಕೋತಾರೆ? ನಮ್ಮ ಮಗೂಗೆ ಬರಲ್ಲ ಅಂದ್ಕೋತಾರೆ."

ಅತ್ತೆ ಡಬ್ಬಗಳನ್ನು ಚೀಲಕ್ಕೆ ತುಂಬಿದಳು. ಬೀದಿಯಲ್ಲಿ ನಾನು ಏನೋ ಸಮಾಧಾನ ಹೇಳಲು ಹೋದೆ. ಅವಳು ಚೀಲವನ್ನು ಮೈಗೆ ತಾಗದಂತೆ ದೂರ ಹಿಡಿದು, ಇನ್ನೊಂದು ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಲೇ ನಡೆದಳು.