ಮಣೆಯ ಎತ್ತರ

ಹೋದ ಭಾನುವಾರ ಕೋಲಾರದಲ್ಲಿ ನಮ್ಮ ಶಾಲೆಯ ಟೀಚರೊಬ್ಬರ ಮನೆಯಲ್ಲಿ ನಾವು ಮೂವರಿದ್ದೆವು. ಅವರು, ಜ್ವರದಿಂದ ಎದ್ದು ಕೂತಿದ್ದ ಅವರ ಅತ್ತೆ, ಮತ್ತು ನಾನು. ಅತ್ತೆಗೆ ಹಾಲಿನಲ್ಲಿ ಕಲಸಿ ಕೊಡಲೆಂದು ಟೀಚರು ಪ್ರೋಟೀನ್ ಪುಡಿಯ ಹೊಸ ಡಬ್ಬಿ ತೆರೆದರು. ಐಸ್‌ಕ್ರೀಮಿಗೆ ಹಸಿ ಹಿಟ್ಟು ಉದುರಿಸಿದಂಥ ಒಂದು ಸಿಹಿ ವಾಸನೆ ಕೋಣೆಯಲ್ಲೆಲ್ಲ ಹರಡಿತು. ನಾನು ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟುಬಿಟ್ಟೆ. ಆ ವಾಸನೆಯನ್ನು ನಾನು ಮೊದಲು ಕಂಡದ್ದು ಶ್ರೀನಿವಾಸಪುರದಲ್ಲಿ, ಕೆಳಗಿನ ಮನೆಯ ಅಕ್ಕನ ಊಟದ ಮೇಜಿನ ಮೇಲೆ...

ಆಗ ನಾನು ಅಲ್ಲಿನ ಹೈಸ್ಕೂಲಿನಲ್ಲಿ ಟೀಚರಾಗಿದ್ದೆ. ಅಕ್ಕನ ಮನೆಯ ಮಹಡಿ ನನ್ನ ಬಾಡಿಗೆ ಮನೆ. ಅವರ ಯಜಮಾನರದು ಮಾವಿನಕಾಯಿ ಮಂಡಿ. ಹೆಣ್ಣುಮಕ್ಕಳು ಇಬ್ಬರು, ದೊಡ್ಡವಳ ಮದುವೆಯಾಗಿತ್ತು, ಚಿಕ್ಕವಳದು ಗೊತ್ತಾಗಿತ್ತು. ಅಕ್ಕನ ತವರು ಆಂಧ್ರದ ಗಡಿಯ ರಾಯಲ್ಪಾಡು. ನಗು ಬಂದರೂ ನೋವಾದರೂ ಅವರ ಬಾಯಿಗೆ ಮೊದಲು ಬರುತ್ತಿದ್ದುದು ತೆಲುಗೇ.

ಬಹಳ ದಪ್ಪಗಿದ್ದರು. ಸಕ್ಕರೆ ಕಾಯಿಲೆ, ಮಂಡಿನೋವು, ಏದುಸಿರು ಎಲ್ಲವೂ ಇದ್ದವು. ತಾವೇ ನಿಂತು ಕಟ್ಟಿಸಿದ ಮಹಡಿಗೆ ಒಂದು ಸಲವೂ ಹತ್ತಿ ಬಂದವರಲ್ಲ. ಸಾರು ಕಾಯಿಸಿದ ದಿನ ಮೆಟ್ಟಿಲ ಕಂಬಿಗೆ ಸೌಟಿನಿಂದ ಟಣಟಣ ಬಡಿಯುತ್ತಿದ್ದರು. "ಟೀಚರಮ್ಮಾ, ಇಳಿದು ಬಾ. ನಾನು ಹತ್ತಿ ಬಂದ್ರೆ ಮನೆ ಕೂತ್ಕೊಳತ್ತೆ" ಎಂದು ತಮ್ಮನ್ನು ತಾವೇ ಆಡಿಕೊಂಡು ನಗುತ್ತಿದ್ದರು. ಊರು ಆಡಿಕೊಳ್ಳುವ ಮುಂಚೆ ತಾವೇ ಆಡಿಕೊಂಡುಬಿಡುವುದು ಅವರ ದಾರಿ.

ಒಂದು ವಿಷಯದಲ್ಲಿ ಮಾತ್ರ ಅವರಿಗೆ ನಗು ಬರುತ್ತಿರಲಿಲ್ಲ. ಅದು ದೊಡ್ಡ ಮಗಳ ಮದುವೆ.

ಧಾರೆಯ ಹೊತ್ತಿಗೆ ಹೆಣ್ಣಿನ ತಂದೆತಾಯಿ ಮಣೆಯ ಮೇಲೆ ಜೋಡಿಯಾಗಿ ಕೂರಬೇಕು. ಇಬ್ಬರು ಹಿಡಿದು ಇಳಿಸಲು ನೋಡಿದರೂ ಅಕ್ಕನ ಮಂಡಿ ಮಡಚಲಿಲ್ಲವಂತೆ. ಯಾರೋ ಪ್ಲಾಸ್ಟಿಕ್ ಕುರ್ಚಿ ತಂದರು. ಮದುಮಕ್ಕಳು ಮಣೆಯ ಮೇಲಿರುವಾಗ ಕೊಡುವವರು ಕುರ್ಚಿಯಲ್ಲಿ ಕೂರುವುದುಂಟೇ ಎಂದು ಹಿರಿಯರು ತಕರಾರು ತೆಗೆದರು. ಮುಹೂರ್ತ ಮೀರುತ್ತಿತ್ತು. ಕೊನೆಗೆ ಯಜಮಾನರ ತಮ್ಮ, ತಮ್ಮನ ಹೆಂಡತಿ ಕೂತರು. ಅಕ್ಕ ಕಂಬಕ್ಕೊರಗಿ ನಿಂತು ನೋಡಿದರು.

"ಹೆತ್ತಿದ್ದು ನಾನು, ಧಾರೆ ಎರೆದಿದ್ದು ನಮ್ಮ ಓರಗಿತ್ತಿ" ಎಂದು ನನ್ನ ಹತ್ತಿರ ಒಂದೇ ಸಲ ಅಂದಿದ್ದರು. ಬೇಳೆ ಆರಿಸುತ್ತಿದ್ದವರು ಅದನ್ನು ಹೇಳಿ ಮತ್ತೆ ಬೇಳೆ ಆರಿಸತೊಡಗಿದರು.

ಚಿಕ್ಕವಳ ಮದುವೆ ಗೊತ್ತಾದ ಮೇಲೆ ಬೆಂಗಳೂರಿಗೆ ಹೋಗಿ ಹೊಟ್ಟೆ ಚಿಕ್ಕದು ಮಾಡುವ ಆಪರೇಶನ್ ಮಾಡಿಸಿಕೊಂಡರು. ನೆಂಟರಿಗೆ ಪಿತ್ತಕೋಶದ ಕಲ್ಲು ಎಂದು ಹೇಳಿದ್ದರು. "ತಿನ್ನೋದು ಬಿಡಕ್ಕಾಗ್ದೆ ಹೊಟ್ಟೆನೇ ಕೊಯ್ಸಿಕೊಂಡ್ಳು ಅಂತಾರೆ ಕಣಮ್ಮಾ." ನಿಜ ಗೊತ್ತಿದ್ದುದು ಆ ಮನೆಯವರಿಗೆ, ಮತ್ತು ಮಹಡಿಯ ಮೇಲಿದ್ದ ನನಗೆ.

ಆಸ್ಪತ್ರೆಯಿಂದ ಬಂದ ದಿನ ಆ ಮೇಜಿನ ಸುತ್ತ ನಾವು ನಾಲ್ವರಿದ್ದೆವು. ಚಿಕ್ಕ ಮಗಳು ಪುಡಿ ಕದಡಿದ ಲೋಟ ಮುಂದಿಟ್ಟಳು. ಅಕ್ಕ ಒಂದು ಗುಟುಕು ಕುಡಿದು ಮುಖ ಸೊಟ್ಟಗೆ ಮಾಡಿದರು.

"ಏನೇ ಇದು, ಗೋಡೆಗೆ ಹೊಡೆದು ಮಿಕ್ಕಿದ ಸುಣ್ಣಾನಾ?"

"ಸುಣ್ಣಕ್ಕೆ ಇಷ್ಟು ರೇಟಿಲ್ಲ, ಕುಡಿ" ಎಂದರು ಯಜಮಾನರು.

"ನೀವ್ ಕುಡೀರಿ. ನಿಮ್ ಹೊಟ್ಟೆನೂ ಏನ್ ಕಮ್ಮಿಯಿಲ್ಲ."

ಎಲ್ಲರೂ ನಕ್ಕೆವು. ಹೊಲಿಗೆ ಎಳೆದು ಅಕ್ಕ ಹೊಟ್ಟೆ ಹಿಡಿದುಕೊಂಡು "ಅಮ್ಮೋ, ಚಾಲು ಚಾಲು, ಸಾಕು, ನಗಿಸಬೇಡ್ರೋ" ಎಂದರು.

ಮಾವಿನ ಕಾಲ ಮುಗಿದಿತ್ತು. ಮಂಡಿ ಮುಚ್ಚಿ ಯಜಮಾನರು ಮನೆಯಲ್ಲೇ ಇರುತ್ತಿದ್ದರು. ಕಾಯಿ ತುಂಬಿದ ಕ್ರೇಟುಗಳನ್ನಿಟ್ಟು ತೂಗುವ ನೆಲದ ತಕ್ಕಡಿಗೆ ಅಲ್ಲಿ ಕಾಟಾ ಎನ್ನುತ್ತಾರೆ. ಅದನ್ನು ತಂದು ಪಡಸಾಲೆಯಲ್ಲಿಟ್ಟರು. ಶುಕ್ರವಾರ ಶುಕ್ರವಾರ ಅಕ್ಕನನ್ನು ಅದರ ಮೇಲೆ ನಿಲ್ಲಿಸಿ, ಹರಾಜಿನ ದನಿಯಲ್ಲಿ ಕೂಗುತ್ತಿದ್ದರು: "ಅರ್ಧ ಕ್ರೇಟ್ ಇಳಿದಿದೆ!" ಇನ್ನೊಂದು ತಿಂಗಳಿಗೆ, "ಒಂದು ಕ್ರೇಟ್!" ಅವರ ಮುಖದ ಸಂತೋಷ ನಿಜವಾದದ್ದೇ. ಹೆಂಡತಿಯ ಕಾಲಿಗೆ ಚಪ್ಪಲಿ ತೊಡಿಸುತ್ತಿದ್ದ ಮನುಷ್ಯ ಅವರು.

ಅಕ್ಕನಿಗೆ ಮಾತ್ರ ಕಾಟಾ ಬೇಕಿರಲಿಲ್ಲ. "ಅದು ನಿಮ್ ವ್ಯಾಪಾರದ್ದು, ನನ್ ಲೆಕ್ಕ ಬೇರೆ" ಎನ್ನುತ್ತಿದ್ದರು. ಪೂಜೆಯ ಕೋಣೆಯಲ್ಲಿ ಒಂದು ಹಲಸಿನ ಮಣೆ ಇತ್ತು. ಅದನ್ನು ಹಿತ್ತಿಲ ಜಗಲಿಗೆ ತರಿಸಿ, ಮೊದಲು ಮಾವಿನಕಾಯಿ ತುಂಬುವ ಮರದ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲಿಟ್ಟರು. ಪೆಟ್ಟಿಗೆಯೆತ್ತರದ ಮಣೆಯ ಮೇಲೆ ಕೂತು ಏಳುವುದು ಸಲೀಸಾದಾಗ ಪೆಟ್ಟಿಗೆ ಹೋಗಿ ಮೂರು ಇಟ್ಟಿಗೆ ಬಂದವು. ಆಮೇಲೆ ಎರಡು. ಇಟ್ಟಿಗೆ ತೆಗೆದ ದಿನ ಸೌಟಿನ ಸದ್ದು ಜೋರಾಗಿರುತ್ತಿತ್ತು. ನಾನಿಳಿದು ಹೋಗಿ ನೋಡಬೇಕು, ಅವರು ಕೂತು, ಯಾರನ್ನೂ ಹಿಡಿಯದೆ ಎದ್ದು ತೋರಿಸಬೇಕು.

ಬೇರೆ ಲೆಕ್ಕಗಳೂ ಇದ್ದವು. ಕಾಲುಂಗುರವನ್ನು ತಾವೇ ಬಗ್ಗಿ ಹಾಕಿಕೊಂಡದ್ದು. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಚಿಂತಾಮಣಿಗೆ ಹೋಗಿಬಂದದ್ದು. ಒಂದು ಸಂಜೆ ನನ್ನ ಬಾಗಿಲ ಚಿಲಕ ಅಲುಗಿತು. ತೆರೆದರೆ ಅಕ್ಕ! ಕಂಬಿ ಹಿಡಿದು, ಬೆವರಿ, ಕಣ್ಣರಳಿಸಿ ನಿಂತಿದ್ದಾರೆ. ಒಳಗೂ ಬರದೆ ನೇರ ಬಿಸಿಲುಮಚ್ಚಿನ ತುದಿಗೆ ಹೋಗಿ ಕೆಳಗೆ ಬಗ್ಗಿ ನೋಡಿದರು.

"ಇದೇನೇ ಟೀಚರಮ್ಮ, ನಮ್ ಹಿತ್ಲು ಹಿಂಗಿದ್ಯಾ? ಇಷ್ಟು ಅಗಲ ಇದ್ಯಾ?"

ಬಹಳ ಹೊತ್ತು ನೋಡುತ್ತ ನಿಂತಿದ್ದರು. ಅವತ್ತಿನಷ್ಟು ಚಂದ ಅವರು ಆಮೇಲೆಂದೂ ಕಾಣಲಿಲ್ಲ...

ಕೆಟ್ಟದ್ದು ಶುರುವಾದದ್ದು ಮುದ್ದೆಯಿಂದ. ಮೂರನೆಯ ತಿಂಗಳಲ್ಲಿ ಆಸ್ಪತ್ರೆಯವರು ಫೋನಿನಲ್ಲಿ, ಸ್ವಲ್ಪ ರಾಗಿಮುದ್ದೆ ತಿನ್ನಬಹುದು, ಏನೇ ತಿಂದರೂ ನುಣ್ಣಗೆ ಅಗಿದು ತಿನ್ನಿ ಎಂದಿದ್ದರು. ಅಕ್ಕ ಇಡ್ಲಿ ಅಗಿದರು, ಮೊಟ್ಟೆ ಅಗಿದರು, ಮೊಸರನ್ನೂ ಅಗಿಯುತ್ತೀರಲ್ಲ ಎಂದು ನಾನು ಹಾಸ್ಯ ಮಾಡುವಷ್ಟು ಅಗಿದರು. ಆದರೆ ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವವರಾದರೂ ಯಾರು? ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದು. ಮುದ್ದೆ ಅಗಿಯುವ ಹೊರಗಿನವರನ್ನು ಕಂಡರೆ ಮಕ್ಕಳು ಕೂಡ ನಗುತ್ತಾರೆ. ಅದೂ ಅಗಿಯುವ ಪದಾರ್ಥವೇ ಎಂಬುದು ಆ ಮನೆಯಲ್ಲಿ ಯಾರ ತಲೆಗೂ ಹೋಗಲಿಲ್ಲ. ತಿಂಗಳುಗಟ್ಟಲೆ ಕಾದಿದ್ದ ಅಕ್ಕ ನಿಂಬೆಗಾತ್ರದ ಮುದ್ದೆ ಕಟ್ಟಿಸಿಕೊಂಡು, ಕಣ್ಣುಮುಚ್ಚಿ, ಅಭ್ಯಾಸದಂತೆ ನುಂಗಿದರು.

ಎದೆಯಲ್ಲಿ ಸಿಕ್ಕಿಕೊಂಡಿತು. ಹಿತ್ತಿಲಿಗೆ ಓಡಿ ಕಕ್ಕಿಕೊಂಡರು. ಮಾರನೆಯ ದಿನ ಇನ್ನೂ ಚಿಕ್ಕ ತುತ್ತು ಮಾಡಿ ನುಂಗಿದರು, ಅದೂ ನಿಲ್ಲಲಿಲ್ಲ. ಬರುಬರುತ್ತ ಇಡ್ಲಿಯೂ ನಿಲ್ಲದಾಯಿತು, ಆ ಸುಣ್ಣದ ನೀರೂ ನಿಲ್ಲದಾಯಿತು. ವಿಟಮಿನ್ ಮಾತ್ರೆ ನುಂಗಿದ ಗಳಿಗೆಯಲ್ಲೇ ಹೊರಗೆ ಬರುತ್ತಿತ್ತು. ಹಿತ್ತಿಲ ನಲ್ಲಿಯ ಸದ್ದು ನನಗೆ ಮೇಲಕ್ಕೆ ಕೇಳುತ್ತಿತ್ತು.

"ಅಕ್ಕಾ, ಆಸ್ಪತ್ರೆಗೆ ಫೋನ್ ಮಾಡ್ಸಿ."

"ಮಾಡಿದ್ರೆ ಅಡ್ಮಿಟ್ ಆಗು ಅಂತಾರೆ ಕಣಮ್ಮಾ. ಸೀರೆ ತರೋದಿದೆ, ಮದುವೆ ಅಕ್ಕಿ ಮಾಡಿಸೋದಿದೆ. ಮದುವೆ ಆಗ್ಲಿ, ಹೋಗ್ತೀನಿ."

ಯಜಮಾನರಿಗೂ ಹೇಳಿದೆ. ಅವರು ನನ್ನನ್ನು ಕಾಟಾದ ಹತ್ತಿರ ಕರೆದುಕೊಂಡು ಹೋದರು. "ನೋಡಿ ಟೀಚರಮ್ಮ, ಹೋದ ವಾರಕ್ಕಿಂತ ಜಾಸ್ತಿ ಇಳಿದಿದೆ. ಒಳಗಿಂದು ಹೊರಗೆ ಬಂದ್ರೇನೆ ಇಳಿಯೋದು. ಹೀಗೇ ಇರತ್ತಂತೆ." ಯಾರು ಹಾಗೆಂದರೋ ಗೊತ್ತಿಲ್ಲ. ಕಾಟಾದ ಕೆಂಪು ಅಂಕಿಗಳನ್ನು ನಂಬಿಯೇ ಆ ಮನುಷ್ಯ ಬದುಕು ಕಟ್ಟಿಕೊಂಡಿದ್ದರು. ಅದು ಸುಳ್ಳೂ ಹೇಳುತ್ತಿರಲಿಲ್ಲ. ತೂಕ ಇಳಿಯುತ್ತಲೇ ಇತ್ತು.

ಅಕ್ಕನ ಕೂದಲು ಹಿಡಿಹಿಡಿ ಬರುತ್ತಿತ್ತು. ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೂ ಅವರಿಗೆ ತಿಳಿಯುತ್ತಿರಲಿಲ್ಲ. "ಕಾಲು ಜೋಮು" ಎನ್ನುತ್ತಿದ್ದರು. ಎದುರಿಗೆ ಸಿಕ್ಕವರು ಮಾತ್ರ "ಅಬ್ಬಾ, ಮದುವಣಗಿತ್ತಿ ಮಗಳಾ ನೀವಾ?" ಎಂದು ಹೊಗಳುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಸೌಟು ಸದ್ದು ಮಾಡಿತು. ಇಳಿದು ಹೋದೆ. ಜಗಲಿಯಲ್ಲಿ ಕೊನೆಯ ಇಟ್ಟಿಗೆಯೂ ಇರಲಿಲ್ಲ. ಮಣೆ ನೆಲದ ಮೇಲಿತ್ತು. ಅಕ್ಕ ನನ್ನ ಕಣ್ಣೆದುರಿಗೇ ಕಂಬ ಹಿಡಿದು ಇಳಿದು, ಚಕ್ಕಳಮಕ್ಕಳ ಹಾಕಿ ಕೂತರು. ಯಜಮಾನರು ಚಪ್ಪಾಳೆ ತಟ್ಟಿದರು. ಅಕ್ಕನ ಕಣ್ಣಲ್ಲಿ ನೀರು ತುಂಬಿತು.

"ಈಗ ಏಳಮ್ಮಾ" ಎಂದಳು ಮಗಳು.

ಅಕ್ಕ ಏಳಲು ನೋಡಿದರು. ಕಾಲು ಕೇಳಲಿಲ್ಲ. ಕೈ ಊರಿ ನೋಡಿದರು. ನಕ್ಕರು. ಮತ್ತೆ ನೋಡಿದರು. "ಏಮೈಂದಿ ನಾಕು..." ಎಂದರು, ನನಗೇನಾಯಿತು ಎಂದು. ಆಗ ಅವರ ಕಣ್ಣುಗುಡ್ಡೆಗಳು ತಮ್ಮಷ್ಟಕ್ಕೆ ತಾವೇ ಅತ್ತಿತ್ತ ಅದುರುತ್ತಿದ್ದುದು ಕಾಣಿಸಿತು. ಯಜಮಾನರು ಅವರನ್ನು ಎತ್ತಿಕೊಂಡು ಕಾರಿಗೆ ಹಾಕಿದರು. ಒಬ್ಬರೇ ಎತ್ತಿದರು. ಒಂದು ವರ್ಷದ ಹಿಂದೆ ನಾಲ್ಕು ಜನಕ್ಕೂ ಆಗದಿದ್ದ ಕೆಲಸ ಅದು.

ಕೋಲಾರದ ಆಸ್ಪತ್ರೆಯವರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಹೇಳಿದ್ದನ್ನು ಚಿಕ್ಕ ಮಗಳು ನನಗೆ ಹೇಳಿದಳು. ನಿಲ್ಲದ ವಾಂತಿಯಿಂದ ಮೈಗೆ ಬೇಕಾದ ಒಂದು ವಿಟಮಿನ್ ಪೂರಾ ಬತ್ತಿಹೋಗಿದೆ. ಮೊದಲು ಕಾಲಿನ ನರಗಳಿಗೆ ಪೆಟ್ಟು ಬಿದ್ದಿದೆ, ಆಮೇಲೆ ಮಿದುಳಿಗೆ. ಮೊದಲೇ ಬಂದಿದ್ದರೆ ಒಂದಷ್ಟು ಇಂಜೆಕ್ಷನ್ನಿನಲ್ಲಿ ಸರಿಹೋಗುವ ವಿಷಯ. ಯಜಮಾನರು ಅದನ್ನು ಕೇಳಿ ಆಸ್ಪತ್ರೆಯ ನೆಲದ ಮೇಲೆ ಕೂತುಬಿಟ್ಟರಂತೆ.

ಜೀವ ಉಳಿಯಿತು. ಕಣ್ಣೂ ನೆಟ್ಟಗಾದವು. ಹಳೆಯದೆಲ್ಲ ನೆನಪಿತ್ತು, ತವರಿನ ಬಾವಿ, ಮಕ್ಕಳ ಬಾಣಂತನ, ದೊಡ್ಡ ಮಗಳ ಮದುವೆಯಲ್ಲಿ ಒರಗಿ ನಿಂತ ಕಂಬ ಕೂಡ. ಹೊಸದು ಮಾತ್ರ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಆಡಿದ್ದು ಮಧ್ಯಾಹ್ನಕ್ಕೆ ಇಲ್ಲ. ಆಪರೇಶನ್ ಆಗಿದೆ ಎಂಬುದೇ ಇಲ್ಲ.

ಮದುವೆ ನಿಲ್ಲಿಸಬಾರದೆಂದು ಹಿರಿಯರು ಹೇಳಿದರು. ಧಾರೆಯ ಹೊತ್ತಿಗೆ ಅಕ್ಕನನ್ನು ದೊಡ್ಡ ಅಳಿಯ ಎತ್ತಿ ತಂದು ಮಣೆಯ ಮೇಲೆ ಕೂರಿಸಿದ. ಬೆನ್ನು ನಿಲ್ಲುತ್ತಿರಲಿಲ್ಲ. ಓರಗಿತ್ತಿ ಹಿಂದೆ ಕೂತು ತಮ್ಮ ಎದೆಗೆ ಅವರನ್ನು ಆನಿಸಿಕೊಂಡರು, ಆದರೆ ಚೆಂಬಿಗೆ ಕೈ ಹಾಕಲಿಲ್ಲ. "ನೀನೇ ಅಕ್ಕಾ, ನೀನೇ ಎರೀಬೇಕು" ಎಂದು ಕಿವಿಯಲ್ಲಿ ಹೇಳುತ್ತಲೇ ಇದ್ದರು. ಅಕ್ಕ ಎರೆದರು. ಕೈ ನಡುಗಿ ಹಾಲು ಅರ್ಧ ತಮ್ಮ ಸೀರೆಯ ಮೇಲೇ ಚೆಲ್ಲಿತು. ಮಗಳ ಮುಖ ನೋಡಿ ನಕ್ಕರು. ಛತ್ರದಲ್ಲಿ ಗಂಡಸರೂ ಕಣ್ಣೊರೆಸಿಕೊಂಡರು.

ಆಲ್ಬಂ ಬಂದ ದಿನ ನಾನು ಅಲ್ಲೇ ಇದ್ದೆ. ಚಿಕ್ಕ ಮಗಳು ಅಕ್ಕನ ತೊಡೆಯ ಮೇಲೆ ಅದನ್ನಿಟ್ಟು ಧಾರೆಯ ಪುಟ ತೆಗೆದಳು. ಅಕ್ಕ ಬೆರಳಿನಿಂದ ಮಗಳನ್ನು ಮುಟ್ಟಿದರು, ಅಳಿಯನನ್ನು ಮುಟ್ಟಿದರು, ಯಜಮಾನರನ್ನು ಮುಟ್ಟಿದರು. ಪಕ್ಕದಲ್ಲಿ ಚೆಂಬು ಹಿಡಿದಿದ್ದ ಆ ಒಣಕಲು ಹೆಂಗಸಿನ ಮೇಲೆ ಬೆರಳು ನಿಂತಿತು.

"ಎವರೇ ಈಮೆ? ಯಾರೇ ಇವಳು, ನಮ್ಮೆಜಮಾನ್ರ ಪಕ್ಕ ಕೂತಿರೋಳು?"

"ನೀನೇ ಅಮ್ಮಾ."

ಅಕ್ಕ ಮತ್ತೆ ನೋಡಿದರು. ಗುರುತು ಹತ್ತಲಿಲ್ಲ. ಆಲ್ಬಮ್ಮನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಈ ಸಲಾನೂ ನನ್ನ ಕೂರಿಸಲಿಲ್ಲ, ಅಲ್ವಾ?"

ಯಜಮಾನರು ಎದ್ದು ಹಿತ್ತಿಲಿಗೆ ಹೋದರು.

ನನಗೆ ಅದೇ ವರ್ಷ ಕೋಲಾರಕ್ಕೆ ವರ್ಗವಾಯಿತು. ಹಬ್ಬಕ್ಕೊಮ್ಮೆ ಹೋಗಿಬರುತ್ತಿದ್ದೆ. ಹೋದ ವರ್ಷ ಮಾವು ಹೂಬಿಡುವ ಕಾಲದಲ್ಲಿ ಮಗಳು ಫೋನ್ ಮಾಡಿದಳು. ನಾನು ತಲುಪುವಷ್ಟರಲ್ಲಿ ಅಕ್ಕನ ಮಣ್ಣಾಗಿತ್ತು. ಯಜಮಾನರು ಬೀದಿಯ ತಿರುವಿನಲ್ಲಿ ಕಟ್ಟುವ ಶ್ರದ್ಧಾಂಜಲಿಯ ಫ್ಲೆಕ್ಸಿಗೆಂದು ಮದುವೆಯ ಫೋಟೋ ಕೊಡಲು ಹೊರಟಿದ್ದರು, ಧಾರೆ ಎರೆಯುತ್ತಿರುವುದನ್ನು. ಚಿಕ್ಕ ಮಗಳು ಅವರ ಕೈಯಿಂದ ಅದನ್ನು ತೆಗೆದುಕೊಂಡಳು. ಬೀರುವಿನಲ್ಲಿ ಬಹಳ ಹೊತ್ತು ಹುಡುಕಿ, ಅಕ್ಕ ಬಾಗಿಲ ತುಂಬ ನಿಂತು ನಗುತ್ತಿರುವ ಒಂದು ಹಳೆಯ ಫೋಟೋ ತಂದಳು. "ಇದನ್ನ ಹಾಕ್ಸಿ ಅಪ್ಪಾ" ಎಂದಳು. "ಇದಾದ್ರೆ ಅಮ್ಮಂಗೆ ತನ್ನ ಗುರುತು ಸಿಗತ್ತೆ."

ಅದನ್ನೇ ಹಾಕಿಸಿದರು.