ಕುಂಕುಮ ಹತ್ತಿದ ಕಪ್ಪೆ

ಆ ವರ್ಷ ಮೃಗಶಿರಾ ನಕ್ಷತ್ರ, ನಮ್ಮ ಕಡೆಯ ಮಿರಗ, ಬಂದು ಹೋದರೂ ಮಳೆಯ ಸುಳಿವಿರಲಿಲ್ಲ. ಹೈದರಾಬಾದಿನ ಕಟ್ಟಡದ ಕೆಲಸದಿಂದ ಜ್ವರ ಹಿಡಿಸಿಕೊಂಡು ಬಂದಿದ್ದ ಕಾಕಾ ಗುಣವಾಗುತ್ತಲೇ ಮತ್ತೆ ಚೀಲ ಕಟ್ಟಿದ್ದರು. ಮಳೆಯಾದರೆ ಬಿತ್ತನೆ, ಇಲ್ಲವಾದರೆ ಹೈದರಾಬಾದು. ಅವರನ್ನು ಹೋಗಗೊಡಬಾರದೆಂದು ಹಟ ಹಿಡಿದ ಅವರ ಹೆಂಡತಿ, ನಮ್ಮ ಕಾಕು, ಮಳೆಗಾಗಿ ಕಪ್ಪೆ ಮದುವೆ ಮಾಡಿಸಲು ನಿಂತರು. ಬೀದರಿನಲ್ಲಿ ಬಿಎಸ್ಸಿ ಓದುತ್ತಿದ್ದ ನಾನು ರಜೆಗೆಂದು ಔರಾದ ಕಡೆಯ ಅವರ ಊರಿಗೆ ಹೋಗಿದ್ದೆ. ಕಪ್ಪೆ ಕೊಯ್ಯಲು ಕಲಿತವನಿಗೆ ಹಿಡಿಯಲು ಬರದೇ ಎಂದು ವರನನ್ನು ತರುವ ಕೆಲಸ ನನಗೇ ಬಿತ್ತು.

ಬಾವಿಯ ತಳದಲ್ಲಿ ಉಳಿದಿದ್ದ ಒಂದೇ ಹೊಂಡದಲ್ಲಿ ಊರ ಕಪ್ಪೆಗಳೆಲ್ಲ ಕಿಕ್ಕಿರಿದಿದ್ದವು. ಒಂದನ್ನು ಹಿಡಿದು ತಂದೆ. ಕಾಕು ಹೊರಳಿಸಿ ನೋಡಿ ಹೌಹಾರಿದರು. ಹೊಟ್ಟೆ, ತೊಡೆಗಳೆಲ್ಲ ಕೆಂಪು.

“ಅಯ್ಯ, ಇದಕ್ಕ ಕುಂಕುಮ ಹಚ್ಯಾರಲ್ಲೋ! ಕೆಳಗಿನ ಓಣಿಯವರು ಮೊದಲೇ ಲಗ್ನ ಮಾಡಿ ಬಿಟ್ಟಾರ. ಎರಡನೇ ಸಂಬಂಧದ ವರನ್ನ ತಂದೀಯೇನು?”

ಒದ್ದೆ ಬಟ್ಟೆಯಿಂದ ಒರೆಸಿದೆ. ಕೆಂಪು ಹೋಗಲಿಲ್ಲ. “ಕುಂಕುಮ ಅಲ್ರಿ ಕಾಕು, ರೋಗ ಅದ,” ಎಂದೆ. ರೋಗಾಣು ನೀರಿನಲ್ಲಿ ಯಾವಾಗಲೂ ಇರುತ್ತದೆ, ಗಟ್ಟಿ ಕಪ್ಪೆಗೆ ಏನೂ ಆಗುವುದಿಲ್ಲ. ನೀರು ಕಡಿಮೆಯಾಗಿ, ಕಾದು, ಹೊಲಸಾಗಿ, ಎಲ್ಲವೂ ಒತ್ತಿಕೊಂಡು ಕೂತಾಗ ಮೈಯ ಕಸುವು ಹೋಗಿ ರೋಗ ಏರುತ್ತದೆ ಎಂದು ಮೇಷ್ಟ್ರ ಗತ್ತಿನಲ್ಲಿ ಬಿಡಿಸಿ ಹೇಳಿದೆ.

“ನಿಮ್ಮ ಕಾಕಾಗ ಆ ತಗಡಿನ ಶೆಡ್ಡಿನ್ಯಾಗ ಆಗಿದ್ದೂ ಇದೇ ಅಲ್ಲೇನು?” ಎಂದ ಕಾಕು, ಕಾಕಾನ ಕಡೆ ತಿರುಗಿದರು. “ವರ ಗುಣ ಆಗೋತನ ಲಗ್ನ ಇಲ್ಲ. ಲಗ್ನ ಆಗೋತನ ನೀವೂ ಹೋಗಂಗಿಲ್ರಿ.”

ಬೇವಿನ ನೆರಳಿನಲ್ಲಿ ಅಗಲವಾದ ಬೋಗುಣಿ, ಅದರಲ್ಲೊಂದು ಕಲ್ಲು, ಮೇಲೆ ಜರಡಿ, ದಿನಾ ಹೊಸ ನೀರು. ಟ್ಯಾಂಕರಿನ ಬಳಿ ಹೆಂಗಸರು, “ಅಳಿಯಾನ ಜಳಕಕ್ಕೇನ್ರಿ?” ಎಂದು ಕಾಕುವನ್ನು ಕಾಡುತ್ತಿದ್ದರು. ಬಾವಿಯಲ್ಲಿದ್ದವುಗಳಲ್ಲಿ ಹಲವು ಸತ್ತು ತೇಲಿದವು. ನನಗೆ ಸಂಕಟವಾಯಿತು. ನಮ್ಮ ವರ ಮಾತ್ರ ಚೇತರಿಸಿಕೊಂಡು ಜರಡಿಗೆ ಹಾರಿ ಹಾರಿ ತಲೆ ಬಡಿಯತೊಡಗಿದ.

ಆದರೂ ಕಾಕು ದಿನಾ ನೋಡಿ, “ಇನ್ನೂ ಕೆಂಪದ,” ಎನ್ನುತ್ತಿದ್ದರು. ನನಗೆ ತಲೆಬುಡ ತಿಳಿಯಲಿಲ್ಲ. ಒಂದು ಮುಂಜಾನೆ ಮತ್ತೆ ಒದ್ದೆ ಬಟ್ಟೆಯಿಂದ ಒರೆಸಿದೆ. ಈ ಸಲ ಬಟ್ಟೆಯೇ ಕೆಂಪಾಯಿತು. ಕಾಕು ನನ್ನ ಕೈಯಿಂದ ಅದನ್ನು ಕಸಿದುಕೊಂಡು, “ಮಳಿ ಬರೋತನ ಸುಮ್ನಿರು,” ಎಂದರು. ಸುಮ್ಮನಿದ್ದೆ, ಖುಷಿಯಿಂದಲೇ.

ಮದುವೆ ಆಗಲೇ ಇಲ್ಲ. ಮಳೆ ಮೊದಲು ಬಂತು. ತೋಯಿಸಿಕೊಳ್ಳುತ್ತಲೇ ಮೂವರೂ ವರನನ್ನು ಬಿಡಲು ಬಾವಿಗೆ ಹೋದೆವು. ಕಾಕಾನ ಅಂಗೈ ಮೇಲೆ ಕೂತಿದ್ದ ಕಪ್ಪೆಯ ತೊಡೆಯಿಂದ ಕುಂಕುಮ ಇಳಿದು, ಅವರ ಮೊಣಕೈವರೆಗೂ ಹರಿಯಿತು. ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಕಾಕಾ ತಮ್ಮ ಕೈಯನ್ನೊಮ್ಮೆ, ಕಾಕುವಿನ ಮುಖವನ್ನೊಮ್ಮೆ ನೋಡಿ ಹೇಳಿದರು: “ಮಳಿ ಬಿದ್ದಕೂಡ್ಲೇ ರೋಗ ಹೆಂಗ ತೊಳಕೊಂಡು ಹೋತು ನೋಡು!”